ಭೂತದ ಜೈಲಿನಲ್ಲಿ ಮನುಷ್ಯರನ್ನು ಎಣಿಸಿದ ದ್ಯಾಮಣ್ಣ

ಬೆಳಗಿನ ಐದೂವರೆ. ಸಿಡ್ನಿಯ ಪಶ್ಚಿಮ ಅಂಚಿನಲ್ಲಿರುವ ಈ ಹಳೆಯ ಜೈಲಿನ ಕಲ್ಲುಗೋಡೆಗಳಿಗೆ ಇನ್ನೂ ಬೆಳಕು ಹತ್ತಿಲ್ಲ. ಅರವತ್ತೆರಡು ವರ್ಷದ ದ್ಯಾಮಣ್ಣ ಒಂದನೇ ಕೋಣೆಯ ಮುಂದೆ ಮಂಡಿಯೂರಿ ಕುಳಿತು, ಹೆಗಲ ಚೀಲದಿಂದ ಬೆರಳುದ್ದದ ಮರದ ಬೆಣೆಯೊಂದನ್ನು ತೆಗೆದು ಕಬ್ಬಿಣದ ಕದದ ಕೆಳಗೆ ತುರುಕುತ್ತಾರೆ. ಅಂಗೈಯಿಂದ ಎರಡು ಸಲ ಗುದ್ದುತ್ತಾರೆ. ಕದವನ್ನು ಎಳೆದು ನೋಡುತ್ತಾರೆ. ಅದು ಮುಚ್ಚುವುದಿಲ್ಲ. ಎದ್ದು ಎರಡನೇ ಕೋಣೆಗೆ ಹೋಗುತ್ತಾರೆ. ಹೀಗೆ ನಲವತ್ತೆಂಟು ಕೋಣೆ, ನಲವತ್ತೆಂಟು ಬೆಣೆ.

ಬೆಳಿಗ್ಗೆ ಹತ್ತಕ್ಕೆ ಶೋ ಮ್ಯಾನೇಜರ್ ಬರುತ್ತಾನೆ. ಅಷ್ಟೂ ಬೆಣೆಗಳನ್ನು ಕಿತ್ತು ಕಸದ ಡಬ್ಬಿಗೆ ಹಾಕಿಸುತ್ತಾನೆ. ದ್ಯಾಮಣ್ಣ ಸಂಜೆ ಕ್ವೇಕರ್ಸ್ ಹಿಲ್‌ನ ಮನೆಯ ಹಿತ್ತಲಲ್ಲಿ ಕುಳಿತು ಹಣ್ಣಿನ ಪೆಟ್ಟಿಗೆಗಳ ಹಲಗೆ ಸೀಳಿ ಮತ್ತೆ ನಲವತ್ತೆಂಟು ಕೆತ್ತುತ್ತಾರೆ. ಹನ್ನೊಂದು ವಾರದಿಂದ ಇದೇ ನಡೆದಿದೆ.

"ಹೌದ್ರಿ, ದಿನಾ ತಗದ ಒಗೀತಾರ. ನಾ ದಿನಾ ಹಾಕತೇನಿ," ಎನ್ನುತ್ತಾರೆ, ಏಳನೇ ಕದಕ್ಕೆ ಬೆಣೆ ಹೊಡೆಯುತ್ತಲೇ. "ಜೈಲಿನ ಬಾಗಲಕ್ಕ ಒಳಗ ಹಿಡಕಿ ಇರಂಗಿಲ್ಲ. ಇರಬಾರದು. ಅದು ಕೈದಿಗೆ ಮಾಡಿದ ಬಾಗಲಾ. ಈ ಮಂದಿ ಏನ ತಪ್ಪ ಮಾಡ್ಯಾರಂತ?"

ಈ ಮಂದಿ ಎಂದರೆ ಪ್ರವಾಸಿಗರು. ನೂರೈವತ್ತು ವರ್ಷ ಕೈದಿಗಳನ್ನು ಕೂಡಿಹಾಕಿದ್ದ ಈ ಜೈಲು ಈಗ ಭೂತದ ಮನೆ. ಮೆಲ್ಬರ್ನ್‌ನಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯೊಂದು ಮೂರು ವರ್ಷದ ಹಿಂದೆ ಇದನ್ನು ಗುತ್ತಿಗೆಗೆ ಹಿಡಿದು ಹೊಗೆ, ಕೆಂಪು ದೀಪ, ರಬ್ಬರಿನ ಹೆಣ, ಬಕೆಟ್‌ಗಟ್ಟಲೆ ಹುಸಿರಕ್ತ ತಂದು ಸುರಿಯಿತು. ಕಂಪನಿಯ ಹೆಸರನ್ನು ನಾನು ಬರೆಯುತ್ತಿಲ್ಲ. ಬರೆಯಲು ಕೈ ಕಡಿಯುತ್ತಿದೆ. ಆದರೆ ದ್ಯಾಮಣ್ಣನವರ ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸಂಧ್ಯಾರಾಣಿ, ಬೇಡವೆಂದು ಕೈಮುಗಿದಿದ್ದಾರೆ. "ಹೆಸರು ಹಾಕಿದ್ರ ಅಪ್ಪಗ ಮುಂದ ಯಾರೂ ಕೆಲಸ ಕೊಡಂಗಿಲ್ರಿ. ಕೆಲಸ ಇಲ್ದ ಮನ್ಯಾಗ ಕೂತ್ರ ಅವ್ರು ಕುಗ್ಗತಾರ," ಎಂದರು. ಅವರ ಮಾತಿಗೆ ಬೆಲೆ ಕೊಟ್ಟು ಸುಮ್ಮನಿದ್ದೇನೆ.

ಟಿಕೆಟ್ ಕೊಂಡು ನಾನೂ ಒಮ್ಮೆ ಒಳಹೊಕ್ಕು ಬಂದೆ. ಒಂದು ಗುಂಪಿಗೆ ಇಪ್ಪತ್ತನಾಲ್ಕು ಜನ. ಶಾಲೆಯ ರಜೆ ಇದ್ದರೆ ದಿನಕ್ಕೆ ಎಂಟು ಗುಂಪು. ಹಗಲಾದರೂ ಒಳಗೆ ಕಗ್ಗತ್ತಲೆ, ಕಿಟಕಿಗಳಿಗೆಲ್ಲ ಕಪ್ಪು ಹಲಗೆ. ಮೂಲೆಯಿಂದ ನೇಣಿನ ಹಗ್ಗ ಕೊರಳಿಗೆ ಹಾಕಿಕೊಂಡವನೊಬ್ಬ ಹಾರಿ ಬೀಳುತ್ತಾನೆ, ಜನ ಕಿರುಚಿ ನಗುತ್ತಾರೆ. ನಟ್ಟನಡುವೆ ಈ ಆಟದ ದೊಡ್ಡ ಆಕರ್ಷಣೆ: ಗುಂಪನ್ನು ಬಿಡಿಬಿಡಿಯಾಗಿ ಕೋಣೆಗಳಿಗೆ ನೂಕಿ ಕದ ಹಾಕುತ್ತಾರೆ. ಎರಡು ನಿಮಿಷ ಕತ್ತಲೆ. ಆಮೇಲೆ ಕೆಲಸದವನೊಬ್ಬ ಸಾಲಾಗಿ ಚಿಲಕ ತೆಗೆಯುತ್ತ ಹೋಗುತ್ತಾನೆ. ಅವನು ಒಂದು ಕದ ಮರೆತರೆ ಒಳಗಿರುವವರ ಗತಿ ಏನು ಎಂದು ಆ ಎರಡು ನಿಮಿಷ ನಾನು ಯೋಚಿಸಿದೆ. ಭೂತದ ಭಯ ನನಗೆ ಒಂದು ಚೂರೂ ಆಗಲಿಲ್ಲ.

ದ್ಯಾಮಣ್ಣನವರಿಗೆ ಜೈಲು ಹೊಸದಲ್ಲ. ಬೆಳಗಾವಿ ಕಡೆಯ ಹಳ್ಳಿಯವರು, ಮೂವತ್ತೊಂದು ವರ್ಷ ಜೈಲು ಇಲಾಖೆಯಲ್ಲಿ ವಾರ್ಡರ್ ಆಗಿ ದುಡಿದವರು. ಯಾವ ಜೈಲು ಎಂದು ಬರೆಯಬಾರದೆಂದು ಅವರದೇ ತಾಕೀತು. ಮಗಳು ಸಿಡ್ನಿಗೆ ಕರೆಸಿಕೊಂಡಾಗ ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಕೆಲಸ ಸಿಗಲಿಲ್ಲ. ವಯಸ್ಸು ನೋಡಿ ಒಬ್ಬರು, ಇಂಗ್ಲಿಷ್ ಕೇಳಿ ಇನ್ನೊಬ್ಬರು ಬಾಗಿಲು ತೋರಿಸಿದರು. ಕೊನೆಗೆ ಈ ಭೂತದ ಮನೆಯ ಜಾಹೀರಾತು ಕಂಡು, ಜೈಲೆಂದರೆ ಜೈಲೇ ತಾನೇ ಎಂದು ಹೋದರು. ದಿಕ್ಕು ತೋರಿಸುತ್ತ ಹೊರಬಾಗಿಲಲ್ಲಿ ನಿಲ್ಲುವ ಕೆಲಸ ಸಿಕ್ಕಿತು.

ಮೊದಲ ದಿನವೇ ಅವರೊಂದು ತಪ್ಪು ಮಾಡಿದರು. ಜೈಲಿನ ವಾರ್ಡರ್ ಬಿಟ್ಟರೆ ಬೇರಾರೂ ಮಾಡದ ತಪ್ಪು. ಒಳಹೋಗಲು ಬಂದ ಇಪ್ಪತ್ತನಾಲ್ಕು ಜನರನ್ನು ಅಂಗಳದಲ್ಲಿ ನಿಲ್ಲಿಸಿ, "ಸಿಟ್, ಟೂ ಟೂ," ಎಂದು ಗದರಿಸಿ ಜೋಡಿ ಜೋಡಿಯಾಗಿ ನೆಲದ ಮೇಲೆ ಕೂರಿಸಿ ಎಣಿಸಿದರು. ಹೊರಬಂದ ಮೇಲೆ ಮತ್ತೆ ಕೂರಿಸಿ ಎಣಿಸಿದರು. ನಮ್ಮ ಜೈಲುಗಳಲ್ಲಿ ಕೈದಿಗಳ ಎಣಿಕೆ ನಡೆಯುವುದೇ ಹಾಗೆ. ಮಂದಿ ಇದೂ ಆಟದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಮ್ಯಾನೇಜರ್‌ಗೆ ಖುಷಿಯೋ ಖುಷಿ. ಮರುದಿನವೇ ಖಾಕಿ ಅಂಗಿ, ಹಿತ್ತಾಳೆ ಗುಂಡಿ, ಟೊಪ್ಪಿಗೆ ತರಿಸಿ ತೊಡಿಸಿದ. ದ್ಯಾಮಣ್ಣ ಜನರ ಪಾಲಿಗೆ ನಗೆಯ ವಾರ್ಡರ್ ಆದರು. ಅವರು ಮಾತ್ರ ನಿಜವಾಗಿಯೇ ಎಣಿಸುತ್ತಿದ್ದರು.

ಯಾಕೆ ಎಂದು ಕೇಳಿದರೆ ಅವರು ತಮ್ಮ ಗುರು, ಮುಖ್ಯ ವಾರ್ಡರ್ ಶಾಂತವೀರಪ್ಪನವರ ಹೆಸರು ಹೇಳುತ್ತಾರೆ. ದ್ಯಾಮಣ್ಣ ಸೇರಿದ ಎರಡನೇ ವರ್ಷ, ಒಂದು ಸಂಜೆ ಎಣಿಕೆಯಲ್ಲಿ ಒಬ್ಬ ಕಡಿಮೆ ಬಂದ. ಆಸ್ಪತ್ರೆಯ ಕಡೆ ಇದ್ದಾನು, ಬರೆದುಕೊಂಡುಬಿಡೋಣ ಎಂದು ಹುಡುಗಾಟದ ವಯಸ್ಸಿನ ದ್ಯಾಮಣ್ಣ ಹೇಳಿದರಂತೆ. ಶಾಂತವೀರಪ್ಪ ಒಪ್ಪಲಿಲ್ಲ. ಇಡೀ ಜೈಲನ್ನು ನಿಲ್ಲಿಸಿ ಹುಡುಕಿಸಿದರು. ನೇಯ್ಗೆಯ ಶೆಡ್ಡಿನ ಹಿಂದೆ ಮುದುಕ ಕೈದಿಯೊಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದ. ಬದುಕಿಕೊಂಡ.

"ಅವತ್ತ ನನ್ನ ಕಿವಿ ಹಿಂಡಿ ಹೇಳಿದ್ರು ನೋಡ್ರಿ. ಎಣಿಕಿ ಅಂದ್ರ ಕಳ್ಳ ಓಡಿ ಹೋಗ್ಯಾನೇನು ಅಂತ ನೋಡೂದಷ್ಟ ಅಲ್ಲೋ ತಮ್ಮಾ, ಎಲ್ಲಾರೂ ಜೀವಂತ ಅದಾರೇನು ಅಂತ ನೋಡೂದು, ಅಂದ್ರು. ಅಲ್ಲಿಂದ ಮುಂದ ನಾ ಯಾವತ್ತೂ ಅಂದಾಜಿನ ಲೆಕ್ಕ ಹೇಳಿಲ್ಲ."

ಈ ಜುಲೈ ರಜೆಯ ಒಂದು ಶುಕ್ರವಾರ, ಮಧ್ಯಾಹ್ನದ ಗುಂಪಿನಲ್ಲಿ ಚಂದ್ರಪ್ರಭಾ ಎಂಬ ಬೆಂಗಳೂರಿನ ಹೆಣ್ಣುಮಗಳಿದ್ದರು. ಚಾಟ್ಸ್‌ವುಡ್‌ನ ಕಂಪನಿಯೊಂದರಲ್ಲಿ ಕೆಲಸ, ಅಂದು ಟೀಮಿನವರ ಜೊತೆ ಬಂದಿದ್ದರು. ಹದಿನೇಳನೇ ಕೋಣೆಗೆ ಅವರೊಬ್ಬರನ್ನೇ ನೂಕಿದರು. ಎರಡು ನಿಮಿಷ ಕಳೆದು ಸಾಲಿನ ಕದಗಳೆಲ್ಲ ತೆರೆದವು. ಹದಿನೇಳನೆಯದು ತೆರೆಯಲಿಲ್ಲ. ಹೊಗೆಯಲ್ಲಿ ಚಿಲಕ ತೆಗೆಯುವವನ ಕಣ್ಣಿಗೆ ಅದು ಬೀಳಲಿಲ್ಲ.

"ನಾನು ಕಿರುಚ್ತಾನೇ ಇದ್ದೆ. ಡೋರ್ ಒದ್ದೆ. ಹೊರಗಡೆ ಇನ್ನೊಂದು ಗ್ರೂಪ್ ಬಂತು, ನಾನು ಕಿರುಚಿದಷ್ಟೂ ಅವರು ನಗ್ತಿದ್ರು," ಎನ್ನುತ್ತಾರೆ ಚಂದ್ರಪ್ರಭಾ. "ನನಗೆ ಅಸ್ತಮಾ ಇದೆ. ಇನ್‌ಹೇಲರ್ ಲಾಕರ್‌ನಲ್ಲಿ ಇಡಿಸಿಕೊಂಡಿದ್ರು. ಆ ಹೊಗೆ ಬೇರೆ. ಇಲ್ಲೇ ಸತ್ತುಹೋಗ್ತೀನಿ, ಇವರು ನನ್ನ ಬಾಡೀನೂ ಶೋ ಅಂದ್ಕೋತಾರೆ ಅನ್ನಿಸ್ತು."

ಭೂತದ ಮನೆಯಲ್ಲಿ ಕಿರುಚುವವರನ್ನು ಯಾರು ಕೇಳುತ್ತಾರೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಟೀಮಿನವರು ಹೊರಬಂದು ಫೋಟೋ ತೆಗೆದುಕೊಳ್ಳುತ್ತಿದ್ದರು. ದಿನವೂ ಪಕ್ಕದಲ್ಲೇ ಕೂತು ಕೆಲಸ ಮಾಡುವವಳು ಜೊತೆಯಲ್ಲಿಲ್ಲ ಎಂಬುದು ಅವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆದದ್ದು ಆಕೆಯ ಮುಖವನ್ನೂ ಸರಿಯಾಗಿ ನೋಡಿರದ ದ್ಯಾಮಣ್ಣನವರಿಗೆ. ಜೋಡಿ ಕೂರಿಸಿದರು. ಹನ್ನೊಂದು ಜೋಡಿ, ಮೇಲೊಬ್ಬ. ಇಪ್ಪತ್ಮೂರು. ಮತ್ತೊಮ್ಮೆ ಎಣಿಸಿದರು. ಇಪ್ಪತ್ಮೂರೇ.

"ವನ್ ಶಾರ್ಟ್," ಒಬ್ಬರು ಕಡಿಮೆ, ಎಂದು ಕೂಗಿದರು. ಮಂದಿ ಚಪ್ಪಾಳೆ ತಟ್ಟಿತು. ಇನ್ನೂ ಜೋರಾಗಿ ಕೂಗಿದರು. ಶಿಳ್ಳೆ ಬಿತ್ತು. ಕೈಯಲ್ಲಿದ್ದ ವೈರ್‌ಲೆಸ್ಸಿನಲ್ಲಿ ಮ್ಯಾನೇಜರ್‌ಗೆ ಹೇಳಿದರೆ, ಅವನೂ ನಕ್ಕು, ಬಹಳ ಚೆನ್ನಾಗಿದೆ, ಇದನ್ನೇ ಮುಂದುವರಿಸು ಎಂದ. ದ್ಯಾಮಣ್ಣ ಟೊಪ್ಪಿಗೆ ಕಿತ್ತೆಸೆದು ಒಳಗೆ ಓಡಿದರು. ಎದುರಾದ ರಕ್ತಪಿಶಾಚಿಯ ವೇಷದವನನ್ನು ಪಕ್ಕಕ್ಕೆ ತಳ್ಳಿ, ಒಂದೊಂದೇ ಕದ ತೆರೆಯುತ್ತ ಹೋದರು. ಆ ಅವಸರದಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಮಾತೂ ಮರೆತಿದ್ದವು.

"ಯಾರವ್ವಾ ಒಳಗ? ಉಸರ ಬಿಡು, ಬಂದೆ, ಬಾಗಲಾ ತಗೀತೇನಿ, ಅಂತ ಯಾರೋ ಕನ್ನಡದಲ್ಲಿ ಕೂಗ್ತಿದ್ರು," ಎಂದು ಚಂದ್ರಪ್ರಭಾ ನೆನೆಯುತ್ತಾರೆ. "ನನಗೆ ಭ್ರಮೆ ಅಂದ್ಕೊಂಡೆ." ಅವರು ಒಳಗಿದ್ದದ್ದು ಇಪ್ಪತ್ತೈದು ನಿಮಿಷ. ಆಂಬುಲೆನ್ಸ್ ಬಂತು, ಎರಡು ದಿನ ಆಸ್ಪತ್ರೆಯಲ್ಲಿದ್ದರು. ದ್ಯಾಮಣ್ಣನವರಿಗೆ ಥ್ಯಾಂಕ್ಸ್ ಹೇಳಲು ಮೂರು ವಾರ ಬೇಕಾಯಿತು ಎಂದು ನಾಚಿಕೆಯಿಂದ ತಾವೇ ಒಪ್ಪಿಕೊಳ್ಳುತ್ತಾರೆ. ಈ ಕಥೆ ನನಗೆ ಸಿಕ್ಕಿದ್ದೂ ಅವರಿಂದಲೇ.

ಕಂಪನಿ ಏನು ಮಾಡಿತು ಕೇಳಿ. ಅತಿಥಿಯೊಬ್ಬರು ಗುಂಪಿನಿಂದ ಕ್ಷಣಕಾಲ ಬೇರೆಯಾಗಿದ್ದರು ಎಂದು ವರದಿ ಬರೆಯಿತು. ಇಪ್ಪತ್ತೈದು ನಿಮಿಷ ಅವರ ಗಡಿಯಾರದಲ್ಲಿ ಕ್ಷಣಕಾಲ! ದ್ಯಾಮಣ್ಣನವರಿಗೆ ಎಚ್ಚರಿಕೆಯ ಪತ್ರ ಕೊಟ್ಟಿತು: ಅನುಮತಿಯಿಲ್ಲದೆ ಎರಡು ಶೋ ನಿಲ್ಲಿಸಿದ್ದಕ್ಕೆ, ಕಲಾವಿದನನ್ನು ತಳ್ಳಿದ್ದಕ್ಕೆ. ಖಾಕಿ ಅಂಗಿ ಬಿಚ್ಚಿಸಿ, ಬೆಳಗಿನ ಕಸ ಗುಡಿಸುವ ಪಾಳಿಗೆ ಹಾಕಿತು. ಅಂದಿನಿಂದ ಅವರು ಕ್ವೇಕರ್ಸ್ ಹಿಲ್‌ನಿಂದ ಮೊದಲ ಟ್ರೇನ್ ಹಿಡಿದು, ಬ್ಲ್ಯಾಕ್‌ಟೌನ್‌ನಲ್ಲಿ ಬದಲಿಸಿ ಬರುತ್ತಾರೆ. ನೆಲದ ಹುಸಿರಕ್ತ ಒರೆಸುತ್ತಾರೆ, ಕದಗಳ ಕೀಲುಗಳಿಗೆ ಎಣ್ಣೆ ಬಿಡುತ್ತಾರೆ, ಬೆಣೆ ಹೊಡೆಯುತ್ತಾರೆ. ಕದಗಳಿಗೆ ಒಳಗಿನಿಂದ ಹಿಡಿಕೆ ಹಾಕಿಸಿ ಎಂದು ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಮೆಲ್ಬರ್ನ್‌ಗೆ ಮೂರು ಪತ್ರ ಕಳಿಸಿದ್ದಾರೆ. ಗೋರ್ಕಲ್ಲ ಮೇಲೆ ಮಳೆ.

ನಾನು ಮೆಲ್ಬರ್ನ್‌ಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯ ದನಿಯ ಹೆಂಗಸೊಬ್ಬರು ಮಾತಾಡಿದರು. ಕದಗಳು ಪಾರಂಪರಿಕ ಆಸ್ತಿಯಂತೆ, ಅವುಗಳಿಗೆ ಒಂದು ಮೊಳೆ ಹೊಡೆಯುವುದೂ ಅಪರಾಧವಂತೆ. ಇಂದು ಬೆಳಿಗ್ಗೆ ಹದಿನೇಳನೇ ಕೋಣೆಯೊಳಗೆ ನಾನು ಟಾರ್ಚ್ ಹಿಡಿದು ನೋಡುತ್ತೇನೆ. ಗೋಡೆಯಲ್ಲಿ ಸ್ಪೀಕರಿಗೆ ಎರಡು ತೂತು, ಹೊಗೆಯ ಕೊಳವೆಗೆ ಒಂದು, ದೀಪಕ್ಕೆ ಮೂರು. ಅದೇ ಪಾರಂಪರಿಕ ಕದದ ಒಳಮೈಗೆ ನಾಲ್ಕು ಬೋಲ್ಟ್ ಜಡಿದು ರಬ್ಬರಿನ ಕೈಯೊಂದನ್ನು ಕೂರಿಸಿದ್ದಾರೆ. ಹೆಣದ ಕೈಗೆ ಜಾಗವಿದೆ. ಬದುಕಿರುವವರು ಹಿಡಿಯಲು ಹಿಡಿಕೆಗೆ ಜಾಗವಿಲ್ಲ. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ.

ನಮ್ಮವರದ್ದೂ ಹೇಳಿಬಿಡುತ್ತೇನೆ. ಪ್ಯಾರಮಟ್ಟಾದಲ್ಲಿ ನಡೆದ ಕನ್ನಡಿಗರ ಊಟದ ಕೂಟವೊಂದರಲ್ಲಿ ದ್ಯಾಮಣ್ಣನವರನ್ನು ನನಗೆ ಪರಿಚಯಿಸಿದವರು, "ಅಂಕಲ್ ಟೂರಿಸಮ್‌ನಲ್ಲಿದ್ದಾರೆ," ಎಂದರು. ಕಸ ಗುಡಿಸುತ್ತಾರೆ ಎನ್ನಲು ಅವರಿಗೆ ಸಂಕೋಚ. ಒಂದು ಜೀವ ಉಳಿಸಿದರು ಎನ್ನಲು ಪುರುಸೊತ್ತಿಲ್ಲ. ಇನ್ನೊಬ್ಬರು ಟಿಕೆಟ್‌ನಲ್ಲಿ ಡಿಸ್ಕೌಂಟ್ ಸಿಗುತ್ತದೆಯೇ ಎಂದು ಕೇಳಿದರು. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ನಾವು ಕೈತೊಳೆದುಕೊಳ್ಳುತ್ತೇವೆ. ಆ ಎಲೆಯನ್ನು ಎಳೆದು ಮುಚ್ಚಿದವರಲ್ಲಿ ನಾವೂ ಇದ್ದೇವೆ.

ಕಳೆದ ವಾರ ಮ್ಯಾನೇಜರ್ ದ್ಯಾಮಣ್ಣನವರನ್ನು ಕರೆದು ಕೂರಿಸಿ ಚಹಾ ಕೊಟ್ಟಿದ್ದಾನೆ. ಜುಲೈ ಶುಕ್ರವಾರದ ಪ್ರವಾಸಿಗರು ಇಂಟರ್ನೆಟ್‌ನಲ್ಲಿ ಬರೆದಿದ್ದಾರಂತೆ: ಒಬ್ಬರು ಕಾಣೆಯಾದರೆಂದು ಆ ಮುದುಕ ಕೂಗಿದ್ದೇ ಇಡೀ ಶೋನಲ್ಲಿ ಅತ್ಯುತ್ತಮ. ಹಾಗಾಗಿ ಖಾಕಿ ಅಂಗಿ ವಾಪಸ್, ಹಗಲಿನ ಪಾಳಿ ವಾಪಸ್. ಪ್ರತಿ ಗುಂಪು ಹೊರಬಂದಾಗಲೂ ದ್ಯಾಮಣ್ಣ ಎಣಿಸಬೇಕು, ಎಷ್ಟೇ ಜನ ಇದ್ದರೂ "ವನ್ ಶಾರ್ಟ್" ಎಂದು ಕೂಗಬೇಕು. ಒಪ್ಪದಿದ್ದರೆ ಈ ಬರುವ ಸೋಮವಾರದಿಂದ ಕಸ ಗುಡಿಸುವುದೂ ಇಲ್ಲ, ಅದನ್ನು ಬೇರೆಯವರಿಗೆ ಗುತ್ತಿಗೆ ಕೊಡುತ್ತಾರೆ.

ದಿನಕ್ಕೆ ಎಂಟು ಸಲ ಸುಳ್ಳು ಕೂಗಿದರೆ, ನಿಜವಾಗಿ ಒಬ್ಬರು ಒಳಗೆ ಉಳಿದ ದಿನ ಕೂಗಿಗೆ ಯಾರು ತಿರುಗಿ ನೋಡುತ್ತಾರೆ? ಇದನ್ನು ದ್ಯಾಮಣ್ಣ ಮ್ಯಾನೇಜರ್‌ಗೆ ಕೇಳಿದರು. ಅವನು ಖಾಕಿ ಅಂಗಿಯನ್ನು ಮೇಜಿನ ಮೇಲೆ ಇವರತ್ತ ಸರಿಸಿದ.

"ನಾ ಆಗಂಗಿಲ್ಲ ಅಂತ ಹೇಳಿ ಬಂದೀನ್ರಿ," ಎನ್ನುತ್ತಾರೆ, ಶಾಂತವಾಗಿ. ಸಿಟ್ಟೆಲ್ಲ ನನ್ನದೇ, ಅವರದಲ್ಲ. "ಕಳ್ಳರನ್ನ ಎಣಿಸೀನಿ, ಕೊಲಿ ಮಾಡಿದವರನ್ನ ಎಣಿಸೀನಿ. ಅವರಿಗೂ ಸುಳ್ಳ ಲೆಕ್ಕ ಕೂಗಿಲ್ಲ. ಮಗಳು ಬೈತಾಳ, ಬೈಲಿ. ನಾಳೆ ಯಾರರ ಒಳಗ ಉಳದ್ರ, ನನ್ನ ಸುಳ್ಳ ಕೂಗಿನಿಂದ ಹಂಗಾತು ಅಂತ ಆಗಬಾರದು."

ನಲವತ್ತೆಂಟನೇ ಕದಕ್ಕೆ ಬೆಣೆ ಹೊಡೆದು ಎದ್ದು ನಿಲ್ಲುತ್ತಾರೆ. ಇಂದು ಶನಿವಾರ. ಮುಂದೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಕದವನ್ನು ಎಳೆದು ನೋಡುತ್ತಾರೆ. ಅದು ಮುಚ್ಚುವುದಿಲ್ಲ. ನಾನು ಬರೆಯುವುದರಲ್ಲಿ ಅವರಿಗೇನಾದರೂ ಹೇಳುವುದಿದೆಯೇ ಎಂದಾಗ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

"ನನ್ನ ಬಗ್ಗೆ ಭಾಳ ಬರೀಬ್ಯಾಡ್ರಿ ಅಕ್ಕಾರ. ಒಂದ ಬರೀರಿ. ಇಲ್ಲಿಗಿ ಬರೂ ಮಂದಿ, ಒಳಗ ಹೋಗೂ ಮೊದಲ ತಮ್ಮ ಜೋಡಿ ಎಷ್ಟ ಮಂದಿ ಅದಾರ ಅಂತ ತಾವ ಎಣಿಸಿಕೊಂಡು ಹೋಗ್ಲಿ. ಹೊರಗ ಬಂದ ಮ್ಯಾಲೆ ಇನ್ನೊಮ್ಮೆ ಎಣಿಸ್ಲಿ. ಸೋಮವಾರದಿಂದ ನಾ ಇರಂಗಿಲ್ಲ."