ಸಾರಿನ ಪಾತ್ರೆಯೊಳಗಿನ ಕುದುರೆಸವಾರ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಏಳುತ್ತಿದ್ದ ಕಾಲಕ್ಕೆ ನಮ್ಮ ಸೀಮೆಯಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಅಂದರೆ ಕುಡಿಯುವವರು ಕುಡಿಯುತ್ತಿದ್ದರು, ಆದರೆ ಯಾರೂ ಕುಡಿಯುತ್ತಿರಲಿಲ್ಲ. ಗೋವೆಯಿಂದ ಜೋಯಿಡಾದ ಕಾಡುಹಾದಿ ಹಿಡಿದು ಬರುತ್ತಿದ್ದ ಹೊರೆಗಳಲ್ಲಿ ಇರುವುದು ತೆಂಗಿನಕಾಯಿ ಎಂದೇ ನಾವೆಲ್ಲ ನಂಬಿದ್ದೆವು. ತೆಂಗಿನಕಾಯಿ ಬಾಟಲಿಯ ಹಾಗೆ ಯಾಕೆ ಸದ್ದು ಮಾಡುತ್ತದೆ ಎಂದು ಕೇಳುವುದು ಸಭ್ಯರ ಲಕ್ಷಣವಾಗಿರಲಿಲ್ಲ.

ಇಂಥ ಪುಣ್ಯಭೂಮಿಗೆ ಯಂತ್ರ ಜೋಡಿಸಲು ಬಂದ ಜರ್ಮನ್ ಸಾಹೇಬರೊಬ್ಬರು ತಮ್ಮ ಸಾಮಾನಿನ ಜೊತೆ ನಾಲ್ಕಾರು ಬಿಯರ್ ಮಗ್ಗುಗಳನ್ನು ತಂದಿದ್ದರು. ಅವರ ದೇಶದಲ್ಲಿ ಹಿಂದೆ ಸಿಪಾಯಿಗಿರಿ ಮುಗಿಸಿ ಊರಿಗೆ ಹೊರಟವನು ನೆನಪಿಗೆಂದು ಇಂಥದೊಂದು ಪಿಂಗಾಣಿ ಮಗ್ಗು ಮಾಡಿಸಿಕೊಳ್ಳುತ್ತಿದ್ದನಂತೆ. ಮೈತುಂಬ ಪಲ್ಟನ್ನಿನ ಚಿತ್ರ, ಜೊತೆಗಾರರ ಹೆಸರು, ಮೇಲೆ ಲೋಹದ ಮುಚ್ಚಳ. ಒಡೆದು ಬಿರುಕು ಬಿಟ್ಟವುಗಳನ್ನು ಹುಡುಕಿ ಕೊಂಡು ದುರಸ್ತಿ ಮಾಡುವುದು ಸಾಹೇಬರ ಹವ್ಯಾಸ. ರವಿವಾರ ಬೆಳಿಗ್ಗೆ ಬಂಗಲೆಯ ವರಾಂಡದಲ್ಲಿ ಅಂಟು, ಅರ, ಬಣ್ಣದ ಕುಂಚ ಹರಡಿಕೊಂಡು ಕೂತರೆ ಲಿಂಗಪೂಜೆಗೆ ಕೂತ ನಮ್ಮ ಹಿರಿಯರೂ ಅಷ್ಟು ಏಕಾಗ್ರತೆಯಿಂದ ಕೂತದ್ದನ್ನು ನಾನು ಕಂಡಿಲ್ಲ. ಉಗ್ರಾಣದ ಗುಮಾಸ್ತನಾಗಿದ್ದ ನಾನು, ಅಷ್ಟಿಷ್ಟು ಇಂಗ್ಲಿಷ್ ಬಲ್ಲ ತಪ್ಪಿಗೆ, ಆ ಪೂಜೆಯಲ್ಲಿ ಗಂಟೆ ಬಾರಿಸುವವನಾಗಿದ್ದೆ.

ಆ ಮಗ್ಗುಗಳಲ್ಲಿ ಒಂದು ಸಾಹೇಬರ ತಂದೆಯದು. ಮುಂದೆ ಮೊದಲನೆಯ ಮಹಾಯುದ್ಧಕ್ಕೆ ಕರೆಸಿಕೊಂಡಾಗ ಹೋದ ತಂದೆ ತಿರುಗಿ ಬರಲಿಲ್ಲ. ಮುಖ ಇವರಿಗೆ ನೆನಪಿಲ್ಲ. ಮುಚ್ಚಳದ ತುದಿಯಲ್ಲಿ ಕುದುರೆ ಏರಿ ಕೂತಿದ್ದ ಹೆಬ್ಬೆರಳಿನಷ್ಟು ಸವಾರನನ್ನೇ ಚಿಕ್ಕವರಿದ್ದಾಗ ಅಪ್ಪ ಎಂದು ತಿಳಿದಿದ್ದರಂತೆ. ದೊಡ್ಡವರಾದ ಮೇಲೂ ಆ ತಿಳಿವಳಿಕೆ ಪೂರ್ತಿ ಹೋದಂತೆ ನನಗೆ ಕಾಣಲಿಲ್ಲ.

ಆ ಮುಚ್ಚಳದ ಕೀಲು ಸವೆದಿತ್ತು. ಸಾಹೇಬರು ಸ್ವದೇಶಕ್ಕೆ ಹೊರಡುವ ದಿನ ಹತ್ತಿರವಾಗಿತ್ತು. ಹಳಿಯಾಳದಲ್ಲಿ ಗಡಿಯಾರ ರಿಪೇರಿಯವನೊಬ್ಬನಿದ್ದಾನೆ, ಕೂದಲಿನಂಥ ಮೊಳೆ ಮಾಡಿಕೊಡುತ್ತಾನೆ ಎಂದು ನಾನು ಹೇಳಿದೆ. ಸಾಹೇಬರು ಮಗ್ಗನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಕೊಟ್ಟಂತೆ ನನ್ನ ಕೈಗೆ ಕೊಟ್ಟರು.

ಹಳಿಯಾಳದ ನಮ್ಮ ಮನೆಯಲ್ಲಿ ಅವ್ವ ಅದನ್ನು ತಿರುಗಿಸಿ ನೋಡಿದಳು.

"ಏನೋ ಇದು?"

"ಸಾಹೇಬ್ರು ಜವೆಗೋದಿ ಕಷಾಯ ಕುಡಿಯೂದು, ಅವ್ವಾ."

ಬಿಯರನ್ನು ಜವೆಗೋದಿಯಿಂದಲೇ ಮಾಡುತ್ತಾರಾದ್ದರಿಂದ ಇದರಲ್ಲಿ ಸುಳ್ಳಿನ ಅಂಶ ಬಹಳ ಕಡಿಮೆ.

"ಪಾಪ, ಪರದೇಶದಾಗ ಹೊಟ್ಟಿ ಕೆಟ್ಟಿರಬೇಕು," ಎಂದಳು.

ಗಡಿಯಾರದವನು ಮದುವೆಗೆಂದು ಮುಂಡಗೋಡಕ್ಕೆ ಹೋಗಿದ್ದ. ಮಗ್ಗನ್ನು ಗೋಡೆಯ ಮಾಡದಲ್ಲಿಟ್ಟು ನಾನು ಕೆಲಸಕ್ಕೆ ಮರಳಿದೆ. ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು, ಸರ್ಕಾರದ ಪಾನನಿರೋಧಕ್ಕಿಂತ ಬಿಗಿಯಾದದ್ದು: ಮಂದಿಯ ಪಾತ್ರೆ ನಮ್ಮಲ್ಲಿಗೆ ಬಂದರೆ ಕರ್ರಗೆ ತಿರುಗಿ ಹೋಗಬಾರದು, ಬರಿದಾಗಿಯೂ ಹೋಗಬಾರದು.

ಮುಂದಿನ ಶನಿವಾರ ಬಂದಾಗ ಅಂಗಳದ ಬೇವಿನ ಕೆಳಗೆ, ತಾಮ್ರದ ಪಾತ್ರೆಗಳಿಗೆ ತವರದ ಕಲಾಯಿ ಹಾಕುವವನು ಕುಣಿ ತೋಡಿ ತಿದಿ ಒತ್ತುತ್ತಿದ್ದ. ಪಿಂಗಾಣಿ ಮಗ್ಗು ಕಟ್ಟೆಯ ಮೇಲೆ ಬೋಳುತಲೆಯಲ್ಲಿ ಕೂತಿತ್ತು.

"ಮುಚ್ಚಳ ಎಲ್ಲೈತಿ?"

ಅವ್ವ ಕಲಾಯಿಯವನನ್ನು ನೋಡಿದಳು. ಅವನು ಬೆಂಕಿಯನ್ನು ನೋಡಿದ.

"ಮುಟ್ಟಿದ ಕೂಡ್ಲೆ ಕೈಯಾಗ ಬಂತ್ರಿ. ಕರ್ರಗಾಗೈತಿ, ಕಲಾಯಿ ಹಾಕು ಅಂದ್ರು ಅವ್ವಾರು. ಬೆಂಕಿಮ್ಯಾಲ ಇಟ್ಟೆ, ನವಸಾಗರ ತಗೋಳಾಕ ಹಿಂಗ ತಿರುಗಿದೆ, ನೋಡೂದ್ರಾಗ ಕುದರಿ ಕೂತಿತ್ರಿ. ಆಮ್ಯಾಲ ಸವಾರ ಮಲಕೊಂಡ."

"ಮಲಕೊಂಡ?"

"ಹರಕೊಂಡು ಹೋದ. ಅದಕ್ಕ ಕಲಾಯಿ ಹಾಕೂದೇನ್ರಿ, ಅದು ಪೂರಾ ಕಲಾಯಿನ ಇತ್ತು! ತವರದ ಗಟ್ಟಿ! ಇಂಥಾ ಮಾಲು ಈಗ ಎಲ್ಲಿ ಸಿಗತೈತಿ?"

"ಈಗ ಎಲ್ಲಿ ಐತಿ ಆ ಮಾಲು?"

ಅವ್ವ ಒಳಗಿನಿಂದ ತಾಮ್ರದ ಸಾರಿನ ಪಾತ್ರೆ ತಂದು ಬಾಗಿಸಿ ಹಿಡಿದಳು. ಒಳಗೆ ಬೆಳ್ಳಿಯ ಹೊಳಪು. "ಮಂದಿ ಮಾಲು ಅಂತ ಹತ್ತು ಪಾತ್ರಿಗೆ ಹಂಚಗೊಡಲಿಲ್ಲ ನಾ. ಎಲ್ಲಾ ಇದಕ್ಕ ಹಚ್ಚಿಸೀನಿ," ಎಂದಳು, ಪ್ರಾಮಾಣಿಕರ ಧ್ವನಿಯಲ್ಲಿ.

ಒಂದು ಸಾಮ್ರಾಜ್ಯದ ಅಶ್ವದಳ ಹೀಗೆ ನಮ್ಮ ಅಡುಗೆಮನೆಯಲ್ಲಿ ತೆಳ್ಳಗೆ ಬಿಡಾರ ಹೂಡಿತ್ತು.

"ಕೆರೆದು ತಗೀಲಿಕ್ಕೆ ಬರತೈತೇನು?"

"ಬರತೈತ್ರಿ. ಚಿಟಿಕಿ ಪುಡಿ ಬರತೈತಿ, ಕುದರಿ ಬರಂಗಿಲ್ಲ."

ಸೋಮವಾರ ಮಗ್ಗು ದಾಂಡೇಲಿಗೆ ಮರಳಿತು. ಅವ್ವ ಅದರ ತುಂಬ ಶೇಂಗಾ ಉಂಡಿ ತುಂಬಿ, ಮೇಲೆ ತಂಬಿಗೆಯ ಹಿತ್ತಾಳೆ ಮುಚ್ಚಳ ಇಟ್ಟಿದ್ದಳು. ಸಾಹೇಬರು ಆ ಮುಚ್ಚಳ ಎತ್ತಿದರು, ಉಂಡಿಗಳನ್ನು ನೋಡಿದರು, ನನ್ನನ್ನು ನೋಡಿದರು.

"ಸವಾರ ಎಲ್ಲಿ?"

ಹೇಳಿದೆ. ಇಂಗ್ಲಿಷಿನಲ್ಲಿ ಕಲಾಯಿಗೆ ಮಾತು ಹುಡುಕುತ್ತ ನಾನು ಪಟ್ಟ ಪಾಡು ಬೇರೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಿತ್ತಾಳೆ ಮುಚ್ಚಳವನ್ನು ತಿರುಗಿ ಮಗ್ಗಿನ ಮೇಲಿಟ್ಟು, "ಆ ಪಾತ್ರೆ ನೋಡಬೇಕು," ಎಂದರು.

ರವಿವಾರ ನಮ್ಮ ಓಣಿಗೆ ಜೀಪು ಬಂತು. ಸಾರಿನ ಪಾತ್ರೆ ನೋಡಲು ಗೋರಾ ಸಾಹೇಬ ಬಂದಿದ್ದಾನೆಂದು ಓಣಿಗೆ ಓಣಿಯೇ ಸೇರಿತು. ಅವ್ವ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ಸಾಹೇಬರು ಟೋಪಿ ತೆಗೆದು ಅದರೊಳಗೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಏನ್ ಹುಡುಕಾಕ ಹತ್ಯಾನ? ನಾ ಚಂದಾಗಿ ತೊಳದೀನಿ," ಎಂದು ಅವ್ವ ನನ್ನ ಕಿವಿಯಲ್ಲಿ ಉಸುರಿದಳು.

ಕಲಾಯಿಯ ಹೊಳಪಿನಲ್ಲಿ ಮುಖವೊಂದು ಅಲುಗುತ್ತ ಕಾಣುತ್ತಿತ್ತು. ಸಾಹೇಬರು ತಲೆ ಎತ್ತದೆಯೇ ಹೇಳಿದರು: "ಇಲ್ಲೊಬ್ಬ ಮುದುಕ ಇದ್ದಾನೆ. ನಮ್ಮಪ್ಪ ಇಷ್ಟು ಮುದುಕನಾಗಲೇ ಇಲ್ಲ."

"ಏನಂತಾನೋ?"

"ಪಾತ್ರಿ ಛಲೋ ಐತಿ ಅಂತಾರ."

"ಛಲೋ ಇರಲಾರದ ಏನು? ತೇರಗಾಂವದಿಂದ ನನ್ನ ಗಂಡನ ಮನಿಗೆ ಕಳಿಸೂವಾಗ ನಮ್ಮಪ್ಪ ಕೊಟ್ಟಿದ್ದು." ಹಾಗೆಂದವಳು ಸಾಹೇಬರ ಬಗ್ಗಿದ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಖರೇ ಹೇಳು, ಏನಂದ?"

ಖರೆ ಹೇಳಿದೆ.

ಅವ್ವ ಒಳಗೆ ಹೋಗಿ ಉಳಿದ ಉಂಡಿಗಳನ್ನೆಲ್ಲ ತಂದು ಪಾತ್ರೆಗೆ ಸುರಿದಳು. "ಒಯ್ಯಲಿ ಬಿಡು. ಅವರಪ್ಪ ಒಳಗ, ನಮ್ಮಪ್ಪ ಹೊರಗ. ಜಗಳಾಡದ ಹೋಗ್ತಾರ."

ಸಾಹೇಬರು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜೀಪು ಹತ್ತಿದರು. ಅವ್ವ ಹಿಂದೆಯೇ ಹೋಗಿ, ಪಾತ್ರೆ ಕೊಟ್ಟವರು ಹೇಳಲೇಬೇಕಾದ್ದನ್ನು ಹೇಳಿದಳು.

"ವರ್ಷಾ ವರ್ಷಾ ಹಳೇದು ಕೆರಸಿ ಹೊಸ ಕಲಾಯಿ ಹಾಕಿಸಬೇಕು ಅನ್ನು. ಮತ್ತ ಹುಣಸಿಹಣ್ಣು ಹಚ್ಚಿ ಗಸಗಸ ತಿಕ್ಕಬಾರದು, ಇದ್ದದ್ದೂ ಹೋಗತೈತಿ ಅನ್ನು."

ಮೊದಲನೆಯದನ್ನು ನುಂಗಿದೆ. ಎರಡನೆಯದನ್ನು ಮಾತ್ರ, ಜೀಪು ಹೊರಟಿದ್ದರೂ ಜೊತೆಗೆ ಓಡುತ್ತ, ಎರಡು ಸಲ ಹೇಳಿದೆ.