ಹಸಿ ಗೋಡೆಯ ಐದು ಬೆರಳು

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ, ಗಡಿಯಾಚೆ ತಮಿಳು ಸೀಮೆಗೆ ಸೇರಿದ ಪಣಕಹಳ್ಳಿಯ ನಮಗೆಲ್ಲ ಸರ್ಕಾರವೆಂದರೆ ತಲಯಾರಿಯೇ. ಗುಂಡಿ ಕಿತ್ತ ಖಾಕಿ ಅಂಗಿ ತೊಟ್ಟು, ಕಂದಾಯದವರ ಮಾತನ್ನು ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ. ಹಳ್ಳ ಉಕ್ಕಿ ನಮ್ಮ ಕೇರಿಯ ಮಣ್ಣುಗೋಡೆಗಳು ಕುಸಿದಾಗ, ಪ್ರತಿ ಬಾಗಿಲಲ್ಲೂ ನಿಂತು ಒಂದೇ ಮಾತು ಹೇಳಿದ: “ಪರಿಹಾರದ ಆಪೀಸರು ನೋಡೋಗಂಟ ಯಾರೂ ಮುಟ್ಬ್ಯಾಡಿ.”

ಊರಿಗೆ ಬರುವ ದಿಂಬಂ ಘಾಟಿಯ ರಸ್ತೆಯಲ್ಲಿ ಮಣ್ಣು ಜರಿದಿತ್ತು. ಅಧಿಕಾರಿ ಬರುವುದು ಎಂಟು ದಿನ ತಡವಾಯಿತು. ನಾಳೆ ಬರುತ್ತಾರೆಂದು ತಿಳಿದದ್ದೇ ತಡ, ನಮ್ಮವ್ವ ನೆರೆಯವರನ್ನು ಕೂಡಿಸಿಕೊಂಡು ಬಿದ್ದ ಗೋಡೆ ಎಬ್ಬಿಸಿ, ನೆಲ ಸಾರಿಸಿ, ಬಾಗಿಲಿಗೆ ರಂಗೋಲಿ ಬಿಟ್ಟಳು. ತಲಯಾರಿ ತಲೆ ಚಚ್ಚಿಕೊಂಡ.

“ಏನವ್ವಾ, ಇಂಗ್ ಮಾಡ್ಬುಟ್ರಿ?”

“ಮನೆಗ್ ಬರೋರ್ಗೆ ಬಿದ್ದ ಗ್ವಾಡೆ ತೋರ್ಸಕಾಯ್ತದಾ?” ಎಂದಳು ಅವ್ವ.

ಅಧಿಕಾರಿ ರಂಗೋಲಿ ದಾಟಿ ಒಳಗೆ ಬಂದರು. ಸುತ್ತ ನೋಡಿ, ಇಲ್ಲಿ ಏನೂ ಬಿದ್ದಿಲ್ಲವಲ್ಲ ಎಂದು ತಮಿಳಿನಲ್ಲಿ ಹೇಳಿ ಪೆನ್ನಿಗೆ ಮುಚ್ಚಳ ಹಾಕಿದರು. ಅಂಥವರ ಎದುರು ಎಂದೂ ತಲೆಯೆತ್ತದ ತಲಯಾರಿ ಅವರ ಕೈ ಹಿಡಿದು ಗೋಡೆಗೆ ಒತ್ತಿಬಿಟ್ಟ.

“ತೊಟ್ಟು ಪಾರುಂಗ ಸಾರ್,” ಎಂದ. ಮುಟ್ಟಿ ನೋಡಿ ಎಂದು.

ಐದು ಬೆರಳೂ ಹಸಿಮಣ್ಣಿನಲ್ಲಿ ಹೂತವು. ಅಧಿಕಾರಿ ಕೈ ಒರೆಸಿಕೊಂಡು, ಮತ್ತೆ ಪೆನ್ನು ತೆರೆದು ಬರೆದುಕೊಂಡರು.

ಗೋಡೆ ಒಣಗಿತು. ಅವ್ವ ಆ ಗುರುತನ್ನು ಮೆತ್ತಿ ಸುಣ್ಣ ಬಳಿಯಲು ಹೊರಟಾಗಲೆಲ್ಲ ತಲಯಾರಿ ತಡೆಯುತ್ತಿದ್ದ: “ಪರಿಹಾರ ಬರೋಗಂಟ ಮುಟ್ಬ್ಯಾಡಿ ಕಣವ್ವಾ.”

ನಾಲ್ಕು ವರ್ಷದ ಮೇಲೆ ನಾನು ಮದುವೆಯಾಗಿ ಚಾಮರಾಜನಗರದ ಬಸ್ಸು ಹತ್ತಿದ ದಿನವೂ ಆ ಐದು ಬೆರಳು ಗೋಡೆಯಲ್ಲೇ ಇದ್ದವು.