ಬಂಗುಡೆಯ ಮುಂದೆ ಬಂದ ಮಾತು

ಮಗಳ ನಿಕಾಹ್‌ಗೆ ನಾಲ್ಕು ತಿಂಗಳು ಇರುವಾಗ ಇವರ ಮಾತು ನಿಂತುಹೋಯಿತು. ಬೆಳಿಗ್ಗೆ ಪುತ್ತೂರಿನ ನಮ್ಮ ಮನೆಯ ಎದುರು ಮೀನಿನ ಪಿಕಪ್‌ಗೆ ಐಸು ತುಂಬಿಸುತ್ತಿದ್ದವರು ಹಾಗೆಯೇ ಕುಸಿದು ಕೂತರು. ಸ್ಟ್ರೋಕ್ ಎಂದರು ಡಾಕ್ಟರು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾ. ಬಲಗೈಯ ಶಕ್ತಿ ಹೋಯಿತು, ಬಾಯಿಂದ ಒಂದು ಶಬ್ದವೂ ಹೊರಡದಾಯಿತು.

ನಮಗಿರುವುದು ಒಬ್ಬಳೇ ಮಗಳು. ನಿಕಾಹ್‌ನಲ್ಲಿ ಹುಡುಗಿಯ ತಂದೆ ಮದುಮಗನ ಕೈ ಹಿಡಿದು, ‘ನನ್ನ ಮಗಳನ್ನು ನಿನಗೆ ಮದುವೆ ಮಾಡಿ ಕೊಟ್ಟೆ’ ಎಂದು ಬಾಯಿಬಿಟ್ಟು ಹೇಳಬೇಕು. ಆಗದಿದ್ದರೆ ಮಸೀದಿಯ ಉಸ್ತಾದರಿಗೆ ವಕಾಲತ್ತು ಕೊಡಬಹುದು, ಅವರ ಪರವಾಗಿ ಉಸ್ತಾದರು ಹೇಳುತ್ತಾರೆ. ಈಗ ಹೆಚ್ಚಿನವರು ಮಾಡುವುದೂ ಹಾಗೆಯೇ. ಇವರದ್ದು ಮಾತ್ರ ಮಗಳು ತೊಟ್ಟಿಲಲ್ಲಿದ್ದ ಕಾಲದಿಂದ ಒಂದೇ ಹಟ: “ನನ್ನ ಮಗಳನ್ನು ನಾನೇ ಕೊಡುದು.”

ಸುಳ್ಯದ ಹುಡುಗನ ಮನೆಯವರು ಒಳ್ಳೆಯವರು. ಬೇಕಾದರೆ ದಿನ ಮುಂದೆ ಹಾಕುವ ಎಂದರು. ಇವರು ಎಡಗೈ ಅಲ್ಲಾಡಿಸಿ ಬೇಡ ಎಂದು ಸನ್ನೆ ಮಾಡಿದರು. ವಕಾಲತ್ತಿನ ಮಾತು ಎತ್ತಿದಾಗ ಗೋಡೆ ಕಡೆ ಮುಖ ತಿರುಗಿಸಿ ಅತ್ತರು. ನಾನು ಅಂದೇ ನಿಶ್ಚಯಿಸಿದೆ, ಈ ಮನುಷ್ಯನ ಬಾಯಿಂದ ಆ ಮಾತು ಹೊರಡಿಸದೆ ಬಿಡುವುದಿಲ್ಲ.

ನನಗೆ ಬಾಯಿ ಸ್ವಲ್ಪ ಜೋರು, ತಾಳ್ಮೆ ಇನ್ನೂ ಕಡಿಮೆ. ಬೆಳಿಗ್ಗೆ ಇವರಿಗೆ ಹಲ್ಲುಜ್ಜಿಸಿ, ಮೀಯಿಸಿ, ಅಂಗಿಯ ಗುಂಡಿ ಹಾಕಿ, ಗಂಜಿ ಕುಡಿಸಿ, ಮಾತ್ರೆ ನುಂಗಿಸಿ, ಬಲಗೈಗೆ ರಬ್ಬರಿನ ಚೆಂಡು ಕೊಟ್ಟು ಗೋಡೆಯ ಚಾರ್ಟಿನ ಮುಂದೆ ಕೂರಿಸುತ್ತಿದ್ದೆ. ಮಾತಿನ ತರಬೇತಿ ಕೊಡುವ ಮೇಡಂ ಕೊಟ್ಟ ಚಿತ್ರದ ಚಾರ್ಟು ಅದು. “ಕೊಡೆ ಹೇಳಿ, ಕೊಡೆ” ಎನ್ನುತ್ತಿದ್ದೆ. ಇವರ ತುಟಿ ನಡುಗುತ್ತಿತ್ತು. ಅಷ್ಟರಲ್ಲಿ ನಾನೇ “ಕೊಡೆ” ಎಂದುಬಿಡುತ್ತಿದ್ದೆ. ಮೇಡಂ ಎರಡು ಸಲ ಗದರಿಸಿದರು: “ಅವರು ಹುಡುಕುವಾಗ ನೀವು ಸುಮ್ಮನಿರಬೇಕು.” ಸುಮ್ಮನಿರುವುದು ನನಗೆ ಯಾರು ಕಲಿಸಿದ್ದಾರೆ?

ಮೇಡಂ ಮೊದಲ ದಿನ ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದ್ದರು. ಬ್ಯಾರಿ, ಮತ್ತೆ ಕನ್ನಡ ಎಂದೆ. ಹಾಗಾಗಿ ಚಾರ್ಟು ಕನ್ನಡದಲ್ಲಿ, ನನ್ನ ಪಾಠ ಬ್ಯಾರಿಯಲ್ಲಿ, ಉಸ್ತಾದರು ಮೊಬೈಲಿಗೆ ಕಳಿಸಿದ ನಿಕಾಹ್‌ನ ವಾಕ್ಯ ಅರಬಿಯಲ್ಲಿ. ಮೂರರಲ್ಲೂ ಇವರ ಗಂಟಲಿನಿಂದ ಬಂದದ್ದು ‘ಹ್ಞಾ’ ಮಾತ್ರ. ಎರಡು ತಿಂಗಳು ಹಾಗೆಯೇ ಹೋಯಿತು.

ಇವರ ಪಿಕಪ್ ಓಡಿಸಿಕೊಂಡು ಈಗ ಮೀನು ಮಾರುವವನು ಇವರ ಹಳೆಯ ಗೆಳೆಯ. ವಾರಕ್ಕೊಮ್ಮೆ ನೋಡಲು ಬರುತ್ತಿದ್ದ. ರೋಗಿಯ ಮುಂದೆ ಎಲ್ಲರಂತೆ ಅವನಿಗೂ ಮರ್ಯಾದೆ ಹೆಚ್ಚು. ಮೆಲ್ಲಗೆ, ಶಾಲೆಯ ಕನ್ನಡದಲ್ಲಿ, “ಹೇಗಿದ್ದೀರಿ” ಎಂದು ಕೇಳಿ ಹೋಗುತ್ತಿದ್ದ. ಒಂದು ದಿನ ಅವನಿಗೆ ಅವಸರ. ಐವರ್ನಾಡಿಗೆ ಹೊರಟವನು ಜಗಲಿಯಲ್ಲಿ ಇವರ ಮುಂದೆ ಬಂಗುಡೆಯ ತಟ್ಟೆ ಇಟ್ಟು, ಮೊದಲಿನ ಅಭ್ಯಾಸದಲ್ಲೇ ತುಳುವಿನಲ್ಲಿ, ತಾಜಾ ಮೀನು ನೋಡಿ ಎಂದ.

ಇವರು ಎಡಗೈಯಲ್ಲಿ ಒಂದು ಬಂಗುಡೆಯ ಕಿವಿರು ಎತ್ತಿದರು. ಹುಬ್ಬು ಗಂಟಿಕ್ಕಿತು.

“ಪರತ್ತ್” ಎಂದರು. ಹಳತು. ಸ್ವಲ್ಪ ತಡೆದು, “ಬೊಡ್ಚಿ.” ಬೇಡ.

ಬಾಗಿಲಲ್ಲಿ ನಿಂತಿದ್ದ ನನ್ನ ಕೈಯ ಸೌಟು ಬಿತ್ತು. ಗೆಳೆಯ ಒಮ್ಮೆ ನನ್ನನ್ನು, ಒಮ್ಮೆ ಮೀನನ್ನು ನೋಡಿದ. “ಎರಡು ತಿಂಗಳು ಬಾಯಿ ಮುಚ್ಚಿ ಕೂತದ್ದು ನನ್ನ ಮೀನಿಗೆ ಬೈಲಿಕ್ಕಾ ಮಾರಾಯ್ರೆ?” ಎಂದ. ಅವನ ಕಣ್ಣಲ್ಲಿ ನೀರು. “ನಿನ್ನೆಯದ್ದೇ ಅದು, ಸತ್ಯ.”

ಮೂವತ್ತು ವರ್ಷ ಐವರ್ನಾಡು, ಮರ್ಕಂಜದ ಮನೆಮನೆಗೆ ಹೋಗಿ ತುಳುವಿನಲ್ಲಿ ಮೀನು ಮಾರಿದವರು ಇವರು. ಮನೆಯ ಭಾಷೆ ಕೇಳಿದಾಗ ನನಗೆ ತುಳು ನೆನಪೇ ಆಗಲಿಲ್ಲ. ಅದನ್ನು ಯಾರೂ ಕೂತು ಕಲಿಯುವುದಿಲ್ಲವಲ್ಲ, ಬಸ್ಸಿನಲ್ಲಿ, ಅಂಗಡಿಯಲ್ಲಿ ತಾನಾಗಿ ಬರುವುದು. ನನ್ನ ತಲೆಗೆ ನಾನೇ ಬಡಿದುಕೊಂಡೆ. ಮೇಡಂಗೆ ಫೋನು ಮಾಡಿದರೆ ಅವರೂ ಖುಷಿಯಲ್ಲಿ, “ಅದರಲ್ಲೇ ಮುಂದುವರಿಸಿ” ಎಂದರು.

ಮರುದಿನದಿಂದ ಮನೆಯಲ್ಲಿ ತುಳು. ಇಪ್ಪತ್ತಾರು ವರ್ಷ ಬ್ಯಾರಿಯಲ್ಲಿ ಜಗಳಾಡಿದ ಗಂಡನೊಡನೆ ತುಳುವಿನಲ್ಲಿ ಮಾತಾಡುವಾಗ ಗಿರಾಕಿಯೊಡನೆ ಮಾತಾಡಿದ ಹಾಗೆ ನಾಚಿಕೆ. ಮಗಳು ಬಿದ್ದು ಬಿದ್ದು ನಕ್ಕಳು. ಚಾರ್ಟು ಮಡಚಿಟ್ಟು ದಿನಕ್ಕೊಂದು ಮೀನು ತಂದೆ. ಬೂತಾಯಿ, ನಂಗ್, ಕಾಣೆ, ಒಂದೊಂದನ್ನೂ ಹೆಸರು ಹಿಡಿದು ಕರೆದರು. ನೀರು ಕೇಳಿದರು. ಒಂದು ದಿನ ಗಂಜಿಗೆ ಉಪ್ಪಿಲ್ಲ ಎಂದು ಬೈದರು. ನಾನು ಆ ಬೈಗುಳವನ್ನು ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಹೇಳಿ ಬಂದೆ.

ಉಳಿದದ್ದು ಒಂದೇ ಸಂಶಯ. ಕಾರು ಮಾಡಿ ಇವರನ್ನು ಕೂರಿಸಿಕೊಂಡು ಕಡಬದಲ್ಲಿರುವ ಉಸ್ತಾದರ ಮನೆಗೆ ಹೋದೆ. “ನಿಕಾಹ್‌ನ ಮಾತು ತುಳುವಿನಲ್ಲಿ ಹೇಳಿದರೆ ಆಗ್ತದಾ ಉಸ್ತಾದ್?”

ಅವರು ಕಿತಾಬು ತೆರೆದು ಸ್ವಲ್ಪ ಹೊತ್ತು ಓದಿದರು. “ಹೇಳುವವರಿಗೆ, ಕೇಳುವವರಿಗೆ, ಸಾಕ್ಷಿಗಳಿಗೆ ಅರ್ಥ ಗೊತ್ತಿದ್ರೆ ಅಡ್ಡಿ ಇಲ್ಲ,” ಎಂದು ನಕ್ಕರು. “ತುಳು ಬಾರದ ಸಾಕ್ಷಿ ಬೇಕಾದ್ರೆ ಘಾಟಿ ಹತ್ತಿ ಹುಡುಕ್ಬೇಕಷ್ಟೆ. ನೀವು ಕಲಿಸಿ.”

ಕೊನೆಯ ಮೂರು ವಾರ ಅದೊಂದೇ ವಾಕ್ಯ. ಹಲ್ಲುಜ್ಜುವಾಗ, ಕೈ ತಿಕ್ಕುವಾಗ, ಗಂಜಿಯ ನಡುವೆ. ಕೆಲವು ದಿನ ಪೂರ್ತಿ ಬರುತ್ತಿತ್ತು, ಕೆಲವು ದಿನ ಅರ್ಧದಲ್ಲಿ ನಿಲ್ಲುತ್ತಿತ್ತು. ನಿಂತ ಕೂಡಲೇ ನಾನು ಮುಗಿಸುತ್ತಿದ್ದೆ, ಇವರು ಚೆಂಡು ಎತ್ತಿ ನನ್ನ ಕಡೆ ಎಸೆಯುತ್ತಿದ್ದರು. ಅದೂ ಬಲಗೈಯಲ್ಲಿ.

ನಿಕಾಹ್‌ನ ದಿನ ಗಂಡಸರೆಲ್ಲ ಹಾಲ್‌ನಲ್ಲಿ ಸೇರಿದರು. ನಾನು ಮಗಳ ಜೊತೆ ಒಳಕೋಣೆಯ ಬಾಗಿಲ ಹಿಂದೆ. ಪರದೆಯ ಸಂದಿಯಲ್ಲಿ ಕಾಣುತ್ತಿತ್ತು: ಚೆಂಡು ಎಸೆಯುತ್ತಿದ್ದ ಇವರ ಬಲಗೈ ಸಭೆಯ ಮುಂದೆ ಏಳಲಿಲ್ಲ, ಹುಡುಗನೇ ಬಗ್ಗಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಉಸ್ತಾದರು ಮೈಕು ಹತ್ತಿರ ಇಟ್ಟರು.

“ಎನ್ನ ಮಗಳೆನ್…” ಎಂದು ಇವರು ನಿಲ್ಲಿಸಿದರು. ನನ್ನ ಮಗಳನ್ನು. ಅಷ್ಟೇ. ಮುಂದಿನ ಶಬ್ದ ನನ್ನ ನಾಲಗೆಯ ತುದಿಯಲ್ಲಿತ್ತು. ಬಾಯಿ ತೆರೆದೂ ಆಗಿತ್ತು, ಮಗಳು ಮದರಂಗಿಯ ಕೈಯಿಂದ ಅದನ್ನು ಗಟ್ಟಿಯಾಗಿ ಮುಚ್ಚಿದಳು.

“…ನಿಕ್ಕ್ ಮದಿಮೆ ಮಲ್ತ್ ಕೊರಿಯೆ.” ನಿನಗೆ ಮದುವೆ ಮಾಡಿ ಕೊಟ್ಟೆ. ಸ್ಪಷ್ಟವಾಗಿ, ಮೈಕು ಬೇಡದಷ್ಟು ಜೋರಾಗಿ.

ಹುಡುಗ ಗಲಿಬಿಲಿಯಿಂದ ತಾನೂ ತುಳುವಿನಲ್ಲೇ ಒಪ್ಪಿದ. ನಾನು ಮಗಳನ್ನು ಅಪ್ಪಿಕೊಂಡು ಕುಣಿಯುವುದೊಂದು ಬಾಕಿ. “ಹೇಳಿದ್ರು, ಕೇಳಿದೆಯಾ, ನಿನ್ನ ಉಪ್ಪ ಹೇಳಿದ್ರು” ಎಂದೆ.

“ಹೌದು ಉಮ್ಮ,” ಎಂದಳು ಮಗಳು. “ಉಪ್ಪ ನನ್ನನ್ನು ಕೊಟ್ಟುಬಿಟ್ರು.”

ಮೂರು ವಾರ ದಿನಕ್ಕೆ ನೂರು ಸಲ ಹೇಳಿಸಿದ ಮಾತು ಅದು. ಅದರ ಅರ್ಥ ನನಗೆ ಆಗಷ್ಟೇ ತಿಳಿದದ್ದು. ಅವಳ ಕೈ ಹಿಡಿದುಕೊಂಡು ಕೂತೆ. ಏನಾದರೂ ಹೇಳಬೇಕು ಎಂದು ಹುಡುಕಿದೆ, ಒಂದು ಶಬ್ದವೂ ಬರಲಿಲ್ಲ.